ಮೂವತ್ತೆಂಟನೇ ನಂಬರಿನ ಗುಳ್ಳೆ

ಈ ವರ್ಷದ ಉತ್ತಮ ಕೆಲಸಗಾರ್ತಿ ಎಂದು ನಮ್ಮ ಹಾಲಿನ ಲ್ಯಾಬಿನವರು ನನ್ನ ವಾರಗಿತ್ತಿಯನ್ನು ಆರಿಸಿದರು. ಆರಿಸಲಿ, ನನಗೇನು. ಆದರೆ ಸೂಚನಾ ಫಲಕಕ್ಕೆ ಅವಳ ಬಗ್ಗೆ ಅರ್ಧ ಪುಟ ಬರೆದುಕೊಡಬೇಕಾದವಳೂ ನಾನೇ ಅಂತೆ. ಒಂದೇ ಮನೆಯವರು, ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು ಎಂದರು. ಬರೆದುಕೊಟ್ಟೆ. ಸಮಯಕ್ಕೆ ಸರಿಯಾಗಿ ಬರುತ್ತಾಳೆ, ಯಾರ ಮೇಲೂ ರೇಗುವುದಿಲ್ಲ, ಕೈಬರಹ ಮುದ್ದಾಗಿದೆ. ಒಂದೂ ಸುಳ್ಳಲ್ಲ, ಅದಕ್ಕೇ ಬರೆಯುವಾಗ ನನಗೆ ಅಷ್ಟೊಂದು ಉರಿ. ಅಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ನನ್ನ ಮೈದುನನ ಕೈಹಿಡಿದು ಅವಳು ಮನೆಗೆ ಬಂದಾಗ ಅವಳಿಗೆ ಇಪ್ಪತ್ತಾರು, ನನಗೆ ಮೂವತ್ತೈದು. ಅಂದಿನಿಂದ ಅತ್ತೆಯ ಬಾಯಲ್ಲಿ ನಾನು ದೊಡ್ಡವಳು, ಅವಳು ಚಿಕ್ಕವಳು. ಕೆಲಸಕ್ಕೆ ದೊಡ್ಡವಳು, ಮುದ್ದಿಗೆ ಚಿಕ್ಕವಳು. ಹನ್ನೊಂದು ವರ್ಷ ನಾನು ಬೇಯಿಸಿ ಬಡಿಸಿದ್ದರಲ್ಲಿ ಅತ್ತೆಗೆ ಒಂದು ದಿನ ಉಪ್ಪು ಹೆಚ್ಚು, ಇನ್ನೊಂದು ದಿನ ಕಡಿಮೆ. ಚಿಕ್ಕವಳು ಬಂದ ವಾರವೇ ಅನ್ನ ತಳ ಹಿಡಿಸಿದಳು. "ಪಾಪ, ಹೊಸ ಒಲೆ, ಅವಳಿಗೆ ಹೇಗೆ ಗೊತ್ತಾಗ್ಬೇಕು?" ಎನ್ನುತ್ತ ಅತ್ತೆ ಆ ಸೀದ ಅನ್ನವನ್ನೇ ಎರಡು ಸಲ ಹಾಕಿಸಿಕೊಂಡು ಉಂಡರು. ನನ್ನ ಗಂಡನೂ ಉಂಡ. ನಾನು ಪಾತ್ರೆ ಉಜ್ಜಿದೆ.

ಅವಳನ್ನು ಲ್ಯಾಬಿಗೆ ಸೇರಿಸಿದವಳು ಯಾರು? ನಾನೇ! ಮನೆಯಲ್ಲಿ ದಿನವಿಡೀ ಅತ್ತೆಯ ಮಡಿಲಲ್ಲಿ ಕೂತಿರುವುದಕ್ಕಿಂತ ನನ್ನ ಕಣ್ಣೆದುರು ದುಡಿಯಲಿ ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಹತ್ತಿರ ಹೋಗಿ ಹೇಳಿದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ನಮ್ಮ ಲ್ಯಾಬಿಗೆ ಎರಡೇ ಕೋಣೆ. ಮುಂದಿನದರಲ್ಲಿ ಕೊಬ್ಬಿನ ಟೆಸ್ಟು. ಬೆಳಿಗ್ಗೆ ವ್ಯಾನಿನಲ್ಲಿ ಬಂದ ಹಾಲಿನ ಸ್ಯಾಂಪಲ್ಲಿಗೆ ಆಸಿಡ್ ಬೆರೆಸುವುದು, ತಿರುಗುವ ಯಂತ್ರದಲ್ಲಿಟ್ಟು ತಿರುಗಿಸುವುದು, ಕೊಬ್ಬಿನ ಗೆರೆ ಎಲ್ಲಿಗೆ ನಿಂತಿತು ಎಂದು ಬರೆಯುವುದು. ಮರುದಿನ ಮತ್ತೆ ಅದೇ. ಹನ್ನೆರಡು ವರ್ಷ ನಾನು ಆ ಗೆರೆ ನೋಡಿದ್ದೇನೆ. ನನ್ನ ಮೂರು ಸೀರೆಗಳಲ್ಲಿ ಆಸಿಡ್ಡಿನ ತೂತುಗಳಿವೆ. ಹಿಂದಿನ ಕೋಣೆ ಮೇಡಂ ಅವರದು. ಅಲ್ಲಿ ಧೂಳಿಲ್ಲ, ಸದ್ದಿಲ್ಲ, ಬಾಗಿಲಾಚೆ ಚಪ್ಪಲಿ ಬಿಟ್ಟು ಹೋಗಬೇಕು. ಅಲ್ಲಿ ಒಂದು ದಿನ ನನ್ನದೇ ಮೇಜು, ನನ್ನದೇ ಕುರ್ಚಿ ಇರಬೇಕು ಎಂಬುದೊಂದೇ ನನಗಿದ್ದ ಆಸೆ. ಗಂಡನಿಗೂ ಹೇಳಿರಲಿಲ್ಲ.

ಆ ಕೋಣೆಯಲ್ಲಿ ಮೇಡಂ ಹೊಸ ಕೆಲಸ ಶುರುಮಾಡಿದರು. ಹಸಿ ಹಾಲಿನಲ್ಲಿ ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ತಾನಾಗಿಯೇ ಇರುತ್ತವೆ. ಅವುಗಳಲ್ಲಿ ಯಾವುದಾದರೂ ಮನುಷ್ಯನ ಹೊಟ್ಟೆಗೆ ಹೋಗಿ, ಬದುಕಿ, ಅಲ್ಲಿ ಒಳ್ಳೆಯದು ಮಾಡೀತೇ ಎಂದು ಹುಡುಕುವುದು. ಸಹಾಯಕ್ಕೆ ನಾವಿಬ್ಬರು. ಹಾಲನ್ನು ತೆಳುಮಾಡಿ, ಬ್ಯಾಕ್ಟೀರಿಯಾದ ಆಹಾರ ಬೆರೆಸಿದ ಜೆಲ್ಲಿ ಹಾಕಿದ ಪ್ಲೇಟಿನ ಮೇಲೆ ಹರಡಿ ಎರಡು ದಿನ ಬೆಚ್ಚಗಿಟ್ಟರೆ ಬಿಳಿ ಚುಕ್ಕೆಗಳು ಏಳುತ್ತವೆ. ಒಂದೊಂದು ಚುಕ್ಕೆಯನ್ನೂ ಕಡ್ಡಿಯಿಂದ ಹೆಕ್ಕಿ ನಂಬರು ಕೊಟ್ಟು ಬೆಳೆಸಬೇಕು. ಆಮೇಲೆ ಪರೀಕ್ಷೆಯ ಮೇಲೆ ಪರೀಕ್ಷೆ. ಹೊಟ್ಟೆಯೊಳಗಿನಷ್ಟೇ ತೀಕ್ಷ್ಣವಾದ ಆಮ್ಲದಲ್ಲಿ ಮೂರು ಗಂಟೆ ಬಿಟ್ಟರೂ ಸಾಯಬಾರದು, ಪಿತ್ತದ ಉಪ್ಪಿನಲ್ಲೂ ಉಳಿಯಬೇಕು, ಭೇದಿ ಹಿಡಿಸುವ ಕ್ರಿಮಿಗಳ ಪಕ್ಕ ಇಟ್ಟರೆ ಅವುಗಳನ್ನು ತಡೆಯಬೇಕು.

"ಕೊನೆಗೆ ಒಂದೇ ಒಂದನ್ನ ಆರಿಸ್ತೀನಿ. ಅದನ್ನ ಹೆಕ್ಕಿ ಬೆಳೆಸಿದವರಿಗೆ ಈ ಕೋಣೆ ಉಸ್ತುವಾರಿ. ಇನ್ನೊಬ್ರು ಮುಂದಿನ ಕೋಣೆಗೆ ವಾಪಸ್" ಎಂದರು ಮೇಡಂ.

ಹಿಂದೆ ಆಗಾಗ ಮೇಡಂಗೆ ಸಹಾಯ ಮಾಡಿ ಪ್ಲೇಟಿನ ಕೆಲಸ ಕಲಿತಿದ್ದೆ, ಚಿಕ್ಕವಳಿಗೆ ಇದೆಲ್ಲ ಕಲಿಸಿದವಳೂ ನಾನೇ. ಬೆಂಕಿಯ ಪಕ್ಕದಲ್ಲಿ ಪ್ಲೇಟಿನ ಮುಚ್ಚಳ ಎಷ್ಟು ಎತ್ತಬೇಕು ಎಂದು ಅವಳ ಮುಂಗೈ ಹಿಡಿದು ತೋರಿಸಿದ್ದೇನೆ. ಮೂರು ತಿಂಗಳಾಗುವಷ್ಟರಲ್ಲಿ ನಾನು ಎರಡು ಸಲ ಮಾಡುವ ಕೆಲಸವನ್ನು ಅವಳು ಒಂದೇ ಸಲಕ್ಕೆ ಮುಗಿಸತೊಡಗಿದಳು. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು, ಪ್ಲೇಟುಗಳ ಜೊತೆ ಮಾತಾಡುತ್ತ ಕೂರುತ್ತಿದ್ದಳು. "ಏನ್ ಮರಿ, ನಿನ್ನೆ ಬಿಸಿ ಕಮ್ಮಿ ಆಯ್ತಾ?" ಎಂದು ಬ್ಯಾಕ್ಟೀರಿಯಾವನ್ನು ಕೇಳುವುದು! ಮೇಡಂ ಅದನ್ನು ಕೇಳಿ ನಕ್ಕರು. ನಾನು ಹಾಗೆ ಮಾತಾಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಏನಾದರೂ ಅನುಮಾನ ಬಂದರೆ ಮಾತ್ರ ನೇರ ನನ್ನ ಹತ್ತಿರ ಬರುತ್ತಿದ್ದಳು. ನಾನು ಹೇಳಿದ್ದೇ ಅವಳಿಗೆ ಕೊನೆಯ ಮಾತು. ಒಂದು ವೇಳೆ ಮೇಡಂ ಬೇರೆ ಹೇಳಿದರೂ, "ಅಕ್ಕ ಹಿಂಗಂದ್ರು ಮೇಡಂ" ಎಂದು ವಾದಿಸುತ್ತಿದ್ದಳು.

ಏಳು ತಿಂಗಳಲ್ಲಿ ಅರವತ್ತೊಂದು ನಂಬರು ಕೊಟ್ಟಿದ್ದೆವು. ಕೊನೆಗೆ ಉಳಿದದ್ದು ಎರಡು. ಹದಿನೇಳು ನನ್ನದು, ನಮ್ಮ ಬೀದಿಯ ತುದಿಯ ಹಟ್ಟಿಯ ಹಸುವಿನ ಹಾಲಿನದು. ಮೂವತ್ತೆಂಟು ಅವಳದು, ಊರಾಚೆಯ ಒಬ್ಬ ಮುದುಕನ ಮೇಕೆಯ ಹಾಲಿನದು. ನನ್ನ ಹದಿನೇಳು ಆಮ್ಲದಲ್ಲಿ ಅರ್ಧಕ್ಕರ್ಧ ಸಾಯುತ್ತಿತ್ತು. ಮೂವತ್ತೆಂಟಕ್ಕೆ ಆಮ್ಲವೆಂದರೆ ಸ್ನಾನದ ನೀರು. ಕ್ರಿಮಿಗಳ ಪ್ಲೇಟಿನಲ್ಲಿ ಅದರ ಸುತ್ತ ಒಂದು ಕ್ರಿಮಿಯೂ ಬೆಳೆಯದ ಇಷ್ಟಗಲ ಖಾಲಿ ಜಾಗ. ಸ್ಕೇಲು ಹಿಡಿದು ಅಳೆದವಳು ನಾನು. ಎರಡು ಮಿಲಿಮೀಟರ್ ಕಡಿಮೆ ಬರೆಯೋಣ ಎಂದು ಕೈ ತುರಿಸಿತು. ಬರೆಯಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯವಳು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅದೇ ವಾರ ಮೇಡಂ ಮೂರು ದಿನ ಯಾವುದೋ ಸಭೆಗೆ ಹೋದರು. ಹೋಗುವ ಮುಂಚೆ ಹೇಳಿದ್ದರು, ಎರಡನ್ನೂ ಕೊನೆಯ ಸಲ ಗುಳ್ಳೆ ಟೆಸ್ಟ್ ಮಾಡಿಡಿ ಎಂದು. ಗುಳ್ಳೆ ಟೆಸ್ಟು ಎಂದರೆ ಇಷ್ಟೇ: ಗಾಜಿನ ಪಟ್ಟಿಯ ಮೇಲೆ ಚುಕ್ಕೆಯನ್ನು ಒರೆಸಿ, ಗಾಯ ತೊಳೆಯುವ ಪೆರಾಕ್ಸೈಡ್ ಒಂದು ತೊಟ್ಟು ಬಿಡಬೇಕು. ನಮ್ಮ ಬ್ಯಾಕ್ಟೀರಿಯಾ ಆದರೆ ಸುಮ್ಮನಿರುತ್ತದೆ. ಗುಳ್ಳೆ ಎದ್ದರೆ ಬೇರೇನೋ ಸೇರಿಕೊಂಡಿದೆ ಎಂದರ್ಥ. ನಮ್ಮಲ್ಲಿ ಗುಳ್ಳೆ ಎದ್ದದ್ದು ಅದೇ ದಿನ ಸಾಯಬೇಕು. ಪ್ಲೇಟು, ಟ್ಯೂಬು, ಫ್ರೀಜರಿನಲ್ಲಿಟ್ಟದ್ದು ಎಲ್ಲ. ಹಿಂದೊಮ್ಮೆ ಒಂದೇ ಒಂದು ಕೆಟ್ಟ ಟ್ಯೂಬಿನಿಂದ ಇಡೀ ಫ್ರೀಜರು ಹಾಳಾದ ಮೇಲೆ ಮೇಡಂ ಮಾಡಿದ ನಿಯಮ ಅದು.

ಮಧ್ಯಾಹ್ನ ಊಟ ಮುಗಿಸಿ ನಾನು ಲೋಟ ತೊಳೆಯುತ್ತಿದ್ದೆ.

"ಅಕ್ಕಾ, ಒಂದ್ನಿಮಿಷ ಬನ್ನಿ. ಗುಳ್ಳೆ ಬರ್ತಿದೆ."

ಹೋಗಿ ನೋಡಿದೆ. ಗಾಜಿನ ಪಟ್ಟಿಯ ಮೇಲೆ ನೊರೆನೊರೆಯಾಗಿ ಗುಳ್ಳೆ. ಪಕ್ಕದಲ್ಲಿ ರಕ್ತದ ಪ್ಲೇಟು, ಎಂದರೆ ಜೆಲ್ಲಿಗೆ ರಕ್ತ ಬೆರೆಸಿದ್ದು. ಬ್ಯಾಕ್ಟೀರಿಯಾ ರಕ್ತವನ್ನು ಕೆಡಿಸುತ್ತದೆಯೋ ಎಂದು ನೋಡಲು ನಿನ್ನೆ ಅದರ ಮೇಲೆ ಬೆಳೆಸಿದ್ದೆವು. ಮೂವತ್ತೆಂಟು ಅದರಲ್ಲೂ ಪಾಸಾಗಿತ್ತು. ಕೈಗೆ ಸಿಕ್ಕಿತೆಂದು ಚಿಕ್ಕವಳು ಗುಳ್ಳೆ ಟೆಸ್ಟಿಗೂ ಅದೇ ಪ್ಲೇಟಿನಿಂದ ಹೆಕ್ಕಿದ್ದಳು. ಅವಳ ಕಡ್ಡಿಯ ತುದಿ ಕೆಂಪಗಿತ್ತು. ಮಕ್ಕಳ ಮಂಡಿ ತರಚಿದಾಗ ಆ ಔಷಧಿ ಹಾಕಿದರೆ ನೊರೆ ಏಳುವುದಿಲ್ಲವೇ? ಅದು ರಕ್ತದ ಗುಣ. ಮೂವತ್ತೆಂಟರದು ಏನೂ ತಪ್ಪಿರಲಿಲ್ಲ. ನನಗೆ ನೋಡಿದ ಕೂಡಲೇ ಗೊತ್ತಾಯಿತು.

"ಗುಳ್ಳೆ ಬಂತು ಅಂದ್ರೆ ಬಂತು. ನಿಯಮ ಗೊತ್ತಲ್ಲ?" ಎಂದೆ.

"ಇನ್ನೊಂದ್ಸಲ ನೋಡ್ಲಾ ಅಕ್ಕ?"

"ನೋಡು."

ಮತ್ತೆ ಅದೇ ಪ್ಲೇಟಿನಿಂದ ಹೆಕ್ಕಿದಳು. ಮತ್ತೆ ಗುಳ್ಳೆ. ಅವಳ ಮುಖ ಬಾಡಿಹೋಯಿತು. "ಇಷ್ಟು ದಿನ ಬರ್ದೇ ಇದ್ದಿದ್ದು ಈಗ ಹೇಗೆ ಬಂತಕ್ಕಾ?"

"ಎಲ್ಲೋ ಬೇರೆದು ಸೇರ್ಕೊಂಡಿರ್ಬೇಕು."

ಅಲ್ಲಿಯವರೆಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೆ. ಇದು ಮಾತ್ರ ಹಸಿ ಸುಳ್ಳು.

ಅವಳು ಮತ್ತೇನೂ ಕೇಳಲಿಲ್ಲ. ಅಕ್ಕ ಹೇಳಿದ ಮೇಲೆ ಮುಗಿಯಿತಲ್ಲ. ಫ್ರೀಜರಿನ ಎರಡು ಟ್ಯೂಬು, ನಾಲ್ಕು ಪ್ಲೇಟು ಎಲ್ಲವನ್ನೂ ಬುಟ್ಟಿಗೆ ಹಾಕಿ ಆಟೋಕ್ಲೇವಿನಲ್ಲಿಟ್ಟು ತಿರುಪು ಬಿಗಿದಳು. ಅದು ಕುಕ್ಕರಿನ ಹಾಗೇ ಕೆಲಸ ಮಾಡುವ ದೊಡ್ಡ ಡ್ರಮ್ಮು. ಒತ್ತಡ ತೋರಿಸುವ ಮುಳ್ಳು ಹದಿನೈದಕ್ಕೆ ಏರಿದ ಮೇಲೆ ಒಳಗೆ ಏನೂ ಬದುಕುವುದಿಲ್ಲ. ಏರಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷವೂ ನಾನು ಅದರ ಎದುರೇ ನಿಂತಿದ್ದೆ. ಮುಳ್ಳು ಎರಡರಲ್ಲಿದ್ದಾಗ ಹೇಳಬಹುದಿತ್ತು. ಐದರಲ್ಲಿದ್ದಾಗಲೂ ಓಡಿಹೋಗಿ ಸ್ವಿಚ್ ಆರಿಸಬಹುದಿತ್ತು, ಒಂದು ಟ್ಯೂಬಾದರೂ ಉಳಿಯುತ್ತಿತ್ತೋ ಏನೋ. ಹಿಂದಿನ ಕೋಣೆಯ ಕುರ್ಚಿ ಕಣ್ಣ ಮುಂದೆ ಬರುತ್ತಿತ್ತು. ಮುಳ್ಳು ಹದಿನೈದಕ್ಕೆ ಬಂದು ನಿಂತಾಗ, ನಿಜ ಹೇಳುತ್ತೇನೆ, ಹಾಲು ಕುಡಿದಷ್ಟು ಸಂತೋಷವಾಯಿತು.

ಸಂಜೆ ಮನೆಗೆ ಹೋದ ಮೇಲೆ ಚಿಕ್ಕವಳು ಅತ್ತೆಯ ಹತ್ತಿರ ಕೂತು ಅತ್ತಳು. ಅತ್ತೆಗೆ ಬ್ಯಾಕ್ಟೀರಿಯಾ ಎಂದರೆ ಏನೆಂದೇ ಗೊತ್ತಿಲ್ಲ. ಆದರೂ ಸೆರಗಿನಿಂದ ಅವಳ ಕಣ್ಣೊರೆಸಿ, "ಬಿಡು ಮಗಾ, ಅದು ಹೋದ್ರೆ ಅದರಪ್ಪನಂಥದ್ದು ಸಿಗುತ್ತೆ" ಎಂದು ಟೀ ಮಾಡಿಕೊಟ್ಟರು. ಅತ್ತೆ ಒಲೆಯ ಮುಂದೆ ನಿಂತದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ! ನಾನು ಎರಡು ಹೆತ್ತು ಬಾಣಂತನ ಮಾಡಿಸಿಕೊಂಡಾಗಲೂ ಅಷ್ಟು ಅಕ್ಕರೆಯ ಟೀ ಕುಡಿದಿರಲಿಲ್ಲ. ಗೆದ್ದ ದಿನವೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ ನೋಡಿ.

ಮೂರನೆಯ ದಿನ ಮೇಡಂ ಬಂದರು. ಚಿಕ್ಕವಳು ತಾನೇ ಹೋಗಿ ಮೂವತ್ತೆಂಟರ ಸುದ್ದಿ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವ ಪ್ಲೇಟಿಂದ ತಗೊಂಡೆ?"

"ರಕ್ತದ ಪ್ಲೇಟಿಂದ ಮೇಡಂ."

"ಅಯ್ಯೋ, ರಕ್ತದಲ್ಲೇ ಗುಳ್ಳೆ ಬರುತ್ತಲ್ಲಮ್ಮಾ! ಅದಕ್ಕೆ ಬೇರೆ ಪ್ಲೇಟಿಂದ ತಗೋಬೇಕು. ನಿಮ್ಮಕ್ಕನ್ನ ಒಂದು ಮಾತು ಕೇಳ್ಬಾರ್ದಿತ್ತಾ? ಸೇರಿದ ಹೊಸದ್ರಲ್ಲಿ ಇವಳೂ ಇದೇ ತಪ್ಪು ಮಾಡಿ ನನ್ನ ಹತ್ರ ಚೆನ್ನಾಗಿ ಬೈಸ್ಕೊಂಡಿದ್ಳು. ಇವಳಿಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿಲ್ಲ."

ಚಿಕ್ಕವಳು ತಿರುಗಿ ನನ್ನನ್ನು ನೋಡಿದಳು. ಕೋಪ ಇರಲಿಲ್ಲ ಆ ನೋಟದಲ್ಲಿ. ಲೆಕ್ಕ ತಪ್ಪಾಗಿದೆಯೇನೋ ಎಂದು ಮತ್ತೊಮ್ಮೆ ಕೂಡುವವರು ನೋಡುತ್ತಾರಲ್ಲ, ಹಾಗೆ ನೋಡಿದಳು. ಈಗ ಬಾಯಿ ಬಿಡುತ್ತಾಳೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಕೇಳ್ಲಿಲ್ಲ ಮೇಡಂ. ಅಕ್ಕ ಊಟಕ್ಕೆ ಹೋಗಿದ್ರು. ನಂದೇ ಆತುರ" ಎಂದಳು.

ಇಲ್ಲ ಮೇಡಂ, ನನ್ನನ್ನು ಕೇಳಿದ್ದಳು, ನನಗೆ ಗೊತ್ತಿತ್ತು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ನಾನು ಹೇಳಲಿಲ್ಲ. ಮೇಡಂ ಅವಳನ್ನು ಹತ್ತು ನಿಮಿಷ ಬೈದರು. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ನನಗೆ ಆಗಲೂ ಏನನಿಸಿತು ಗೊತ್ತೇ? ಇಷ್ಟು ದೊಡ್ಡ ಮನಸ್ಸು ಇವಳಿಗೆ ಎಲ್ಲಿಂದ ಬಂತು, ನನಗೆ ಯಾಕಿಲ್ಲ ಎಂದು ಮೈಯೆಲ್ಲ ಉರಿಯಿತು.

ಮುದುಕನ ಮೇಕೆಯ ಹಾಲನ್ನೇ ಮತ್ತೆ ತರೋಣ ಎಂದು ಹೊರಟರೆ ಮೇಕೆ ಹಾಲು ನಿಲ್ಲಿಸಿತ್ತು. ಅದು ಮರಿ ಹಾಕಿದ ಮೇಲೆ ಹೋಗಿ ತಂದು ನಲವತ್ತು ಚುಕ್ಕೆ ಹೆಕ್ಕಿದರು. ಯಾವುದೂ ಆಮ್ಲದಲ್ಲಿ ಒಂದು ಗಂಟೆ ತಡೆಯಲಿಲ್ಲ. ಕೊನೆಗೆ ಮೇಡಂ ನಿಟ್ಟುಸಿರು ಬಿಟ್ಟು ನನ್ನ ಹದಿನೇಳನ್ನು ಆರಿಸಿದರು. ಅರ್ಧಕ್ಕರ್ಧ ಸಾಯುವ ಹದಿನೇಳನ್ನು! ಹಿಂದಿನ ಕೋಣೆಯ ಬೀಗದ ಕೈ ನನ್ನ ಕೈಗೆ ಬಂತು, ಮೇಜು ಬಂತು, ಕುರ್ಚಿಯೂ ಬಂತು.

ಮೇಡಂಗೆ ಚಿಕ್ಕವಳ ಕೈಗುಣ ಗೊತ್ತಿತ್ತು. ಬಿಡಲು ಮನಸ್ಸಾಗದೆ, "ಇಬ್ರೂ ಇಲ್ಲೇ ಇರಿ, ನಿಯಮ ಹಾಳಾಗ್ಲಿ. ಅಕ್ಕನ ಕೈಕೆಳಗೆ ಇರ್ತೀಯಾ?" ಎಂದು ನನ್ನೆದುರೇ ಕೇಳಿದರು.

"ಬೇಡ ಮೇಡಂ, ಕೊಬ್ಬಿನ ಟೆಸ್ಟಿಗೇ ಹೋಗ್ತೀನಿ" ಎಂದಳು ಚಿಕ್ಕವಳು. ಹೋಗಿಯೂ ಹೋದಳು. ನಾಲ್ಕು ವರ್ಷದಿಂದ ಆ ಗೆರೆ ನೋಡುತ್ತಿದ್ದಾಳೆ. ಅವಳ ಸೀರೆಗಳಲ್ಲೂ ಈಗ ತೂತುಗಳಿವೆ. ನನ್ನ ಕೋಣೆಯ ಬಾಗಿಲವರೆಗೂ ಬರುತ್ತಾಳೆ, ಸ್ಯಾಂಪಲ್ ಇಡುತ್ತಾಳೆ, ಒಂದು ದಿನವೂ ಚಪ್ಪಲಿ ಬಿಟ್ಟು ಒಳಗೆ ಬಂದವಳಲ್ಲ.

ಅವಳು ಬೇಡ ಎಂದ ದಿನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅವಳೇ ಬಡಿಸುತ್ತಿದ್ದಳು. ಅತ್ತೆಗೆ ಸುದ್ದಿ ಗೊತ್ತಾಗಿ ಸಂಕಟ.

"ಅಲ್ಲ ಚಿಕ್ಕವಳೇ, ಯಾಕೆ ಬೇಡ ಅಂದೆ? ದೊಡ್ಡವಳ ಹತ್ರ ಇನ್ನೂ ಸ್ವಲ್ಪ ದಿನ ಕಲೀಬಹುದಿತ್ತಲ್ಲ?"

ಅವಳು ನನ್ನ ತಟ್ಟೆಗೆ ಅನ್ನ ಹಾಕುತ್ತಿದ್ದಳು. ಕೈ ಒಂದಿಷ್ಟೂ ಅಲುಗಲಿಲ್ಲ.

"ಅಕ್ಕನ ಹತ್ರ ಕಲಿಯೋದೆಲ್ಲ ಮುಗೀತು ಅತ್ತೆ."

ಅತ್ತೆಗೆ ಅದು ಹೊಗಳಿಕೆಯಂತೆ ಕೇಳಿಸಿತು. ಹೆಮ್ಮೆಯಿಂದ ನನ್ನ ಕಡೆ ತಿರುಗಿ, "ನೋಡ್ದೆಯಾ ದೊಡ್ಡವಳೇ, ಎಷ್ಟು ಬೇಗ ಕಲಿತ್ಬಿಟ್ಳು!" ಎಂದರು.

"ಹೌದತ್ತೆ" ಎಂದೆ.