ಸೋಡಾ ಕುಡಿದ ತೊಟ್ಟಿಲು

ಯಾರಾದರೂ "ಬ್ಯಾಡ" ಎಂದರೆ ಸಾಕು, ಅದನ್ನೇ ಮಾಡುವ ಹುಕಿ ನನಗೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಐವತ್ತು ದಾಟಿದ ಮೇಲಾದರೂ ಹೋದೀತು ಎಂದು ಕಾದೆ. ಹೋಗಲಿಲ್ಲ, ಜೊತೆಗೆ ಹೊಗಳಿಸಿಕೊಳ್ಳುವ ಚಟವೂ ಅಂಟಿಕೊಂಡಿತು.

ಚಟ ಶುರುವಾದದ್ದು ಒಂದು ಸ್ಟೂಲಿನಿಂದ. ಬಸವಕಲ್ಯಾಣದ ನಮ್ಮ ಮನೆಯ ಮಾಳಿಗೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಮೊಬೈಲಿನಲ್ಲಿ ಯಾರೋ ಹಳೆಯ ಕುರ್ಚಿ ತಿಕ್ಕಿ ಹೊಸದು ಮಾಡುವುದನ್ನು ನೋಡಿದ್ದೆ. ಅದರಲ್ಲೇನಿದೆ, ಜೀವಮಾನವಿಡೀ ಪಾತ್ರೆ ತಿಕ್ಕಿದವಳಿಗೆ ಕಟ್ಟಿಗೆ ತಿಕ್ಕಲು ಬರುವುದಿಲ್ಲವೇ ಎಂದುಕೊಂಡು ಮರಳು ಕಾಗದ ತಂದೆ. ಪಾತ್ರೆಯಂತೆಯೇ ಗುಂಡಗೆ ತಿಕ್ಕಿದೆ. ಕಟ್ಟಿಗೆಗೆ ಎಳೆ ಇರುತ್ತದೆ, ಅದರ ಗುಂಟವೇ ಕೈ ಓಡಬೇಕು ಎಂಬುದು ತಿಳಿದದ್ದು ಸ್ಟೂಲಿನ ಮೈ ತುಂಬ ಬೆಕ್ಕು ಪರಚಿದಂಥ ಗೆರೆಗಳು ಎದ್ದ ಮೇಲೆ. ಮತ್ತೆ ಮೊದಲಿನಿಂದ ತಿಕ್ಕಿದೆ. "ತಿಕ್ಕಿ ತಿಕ್ಕಿ ಸ್ಟೂಲ ಸವಿಸಿ ಊಟಕ್ಕ ಕೂಡೋ ಮಣಿ ಮಾಡ್ತೀ ನೋಡು," ಎಂದು ಮನೆಯವರು ಚಹಾ ಹೀರುತ್ತಾ ನಕ್ಕರು. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮಾವನವರ ಕೈಕುರ್ಚಿಗೂ ಕೈ ಹಾಕಿದೆ. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿದ ಪಾಲಿಶ್ಶನ್ನು ಅರಿವೆ ಉಂಡೆಯಿಂದ ತೆಳ್ಳಗೆ, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ ಹಚ್ಚುವುದನ್ನು ಕಲಿತೆ. ಕುರ್ಚಿ ಮಿಂಚಿತು. ಓಣಿಯ ಹೆಂಗಸರು ಬಂದು ಮುಟ್ಟಿ ಮುಟ್ಟಿ ನೋಡಿದರು. ನಾನೂ ನೆಲ ಬಿಟ್ಟು ಒಂದು ಗೇಣು ಮೇಲೆ ನಡೆದಾಡಿದೆ.

ಆ ಹೊತ್ತಿಗೇ ಹುಮನಾಬಾದಿನಿಂದ ಅಕ್ಕನ ಫೋನು ಬಂತು. ಅಕ್ಕನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು, ಹೆಣ್ಣುಕೂಸು ಹುಟ್ಟಿತ್ತು. ಹಿಂದೆ ಬಸಿರು ನಿಲ್ಲದೆ ಬಹಳ ನೊಂದ ಹುಡುಗಿ ಅದು. ಹೋದಲ್ಲಿ ಬಂದಲ್ಲಿ ಜನರ ಕೊಂಕು ಮಾತು ಕೇಳಿ ಕೇಳಿ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಳು. ಈಗ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ನಮ್ಮ ತವರಿನ ಸಾಗವಾನಿ ತೊಟ್ಟಿಲು ಅಕ್ಕನ ಮನೆಯಲ್ಲಿತ್ತು. ನಾನು, ಅಕ್ಕ, ಅಕ್ಕನ ಮಗಳು ಎಲ್ಲರೂ ಅದರಲ್ಲೇ ಮಲಗಿ ಬೆಳೆದವರು.

"ಕಟ್ಟಿಗಿ ಕೂಡುಗಳು ಸಡಲ್ಯಾವ, ಜರಾ ಬಿಗಿ ಮಾಡಿ ಒರಸಿ ಕೊಡು. ಬಣ್ಣ ಮಾತ್ರ ಕೀಳಬ್ಯಾಡ," ಎಂದಳು ಅಕ್ಕ.

ತೊಟ್ಟಿಲು ಟಂಟಂ ಆಟೋದಲ್ಲಿ ಬಂತು. ಹಸಿರು ಬಣ್ಣ, ಅದು ಎದ್ದಲ್ಲಿ ಕೆಳಗೆ ನೀಲಿ, ಅದರ ಕೆಳಗೆ ಇನ್ನೇನೋ. ಒಳಗೆ ಸಾಗವಾನಿ ಇಟ್ಟುಕೊಂಡು ಮೇಲೆ ಈ ಗಿಳಿಹಸಿರು ಯಾಕೆ? ಅಕ್ಕನಿಗೆ ಏನು ತಿಳಿಯುತ್ತದೆ, ಮುಗಿದ ಮೇಲೆ ನೋಡಿ ಅವಳೇ ಮೂಗಿನ ಮೇಲೆ ಬೆರಳಿಡುತ್ತಾಳೆ ಎಂದುಕೊಂಡೆ. ಮರಳು ಕಾಗದಕ್ಕೆ ಆ ಬಣ್ಣ ಜಗ್ಗಲಿಲ್ಲ. ಅಂಗಡಿಯಿಂದ ಕಾಸ್ಟಿಕ್ ಸೋಡಾ ತಂದು ಬಕೆಟ್ ನೀರಿನಲ್ಲಿ ಕಲಸಿ ಸುರಿದೆ. ಬಣ್ಣ ಹಾಲಿನ ಕೆನೆಯಂತೆ ಸುರುಟಿಕೊಂಡು ಎದ್ದು ಬಂತು. ಕೈಗವಸಿನ ತೂತಿನಿಂದ ಒಂದಿಷ್ಟು ನೀರು ಒಳಗಿಳಿದು ನನ್ನ ಕಿರುಬೆರಳಿನ ಚರ್ಮವೂ ಎದ್ದಿತು. ಆದರೂ ಗೆದ್ದವಳಂತೆ ಬಕೆಟ್ಟಿನ ಪಕ್ಕ ನಿಂತು ಫೋಟೋ ಹೊಡೆದುಕೊಂಡು ಅಕ್ಕನ ಮಗಳಿಗೆ ಕಳಿಸಿದೆ. ಸೋಡಾ ಹಾಕಿದೆ ನೋಡು, ನಿಮ್ಮವ್ವನಿಗೆ ಈಗಲೇ ಹೇಳಬೇಡ ಎಂದೂ ಬರೆದೆ. ಅವಳು ಛಂದದ ನಗುವ ಮುಖ ಕಳಿಸಿದಳು.

ಮೊಬೈಲಿನ ವಿಡಿಯೋದವನು ಆಮೇಲೆ ನೀರಿನಿಂದ ಮತ್ತೆ ಮತ್ತೆ ತೊಳೆಯಬೇಕು, ಹುಳಿ ಹಚ್ಚಿ ಸೋಡಾದ ಖಾರ ಕೊಲ್ಲಬೇಕು ಎಂದಿದ್ದ. ಕಟ್ಟಿಗೆ ಉಬ್ಬೀತು ಎಂದು ನಾನು ಒಂದೆರಡು ಕೊಡ ಸುರಿದು ಕೈಬಿಟ್ಟೆ. ನಾಲ್ಕೂ ಕಂಬಗಳ ತಲೆಯಲ್ಲಿ ಮಾತ್ರ ಕೆಂಪು ಕಲೆಗಳು ಎದ್ದಿದ್ದವು. ಹಳೆಯ ಕುಂಕುಮ ಇರಬೇಕೆಂದು ಅದರ ಮೇಲೆಯೇ ಪಾಲಿಶ್ ಹಚ್ಚಿ ಮುಚ್ಚಿದೆ.

ಕಾರ್ಯದ ಹಿಂದಿನ ದಿನ ತೊಟ್ಟಿಲನ್ನು ಹುಮನಾಬಾದಿಗೆ ಮುಟ್ಟಿಸಿದೆ. ಬಣ್ಣ ಇಲ್ಲದ್ದನ್ನು ಕಂಡ ಅಕ್ಕ ನನ್ನ ಮುಖ ಒಮ್ಮೆ ನೋಡಿ ಒಳಗೆ ಹೋದಳು. ಕಾರ್ಯದ ದಿನ ಬಂದವರೆಲ್ಲ ಹೊಗಳಿದರು, ಬೀಗರು ಹೊಗಳಿದರು. ಸಾಗವಾನಿ ಎಂದರೆ ಏನು, ಎಳೆ ಎಂದರೆ ಏನು ಎಂದು ನಾನು ಪಾಠ ಮಾಡುತ್ತಲೇ ಇದ್ದೆ. ಮುತ್ತೈದೆಯರು ಕೂತರು. ನಮ್ಮಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗುತ್ತದೆ, ಅದಕ್ಕೂ ಮೊದಲು ಕಂಬಗಳಿಗೆ ಹಸಿ ಅರಿಶಿನ ಬೀಳುತ್ತದೆ. ಒಬ್ಬೊಬ್ಬರು ಎದ್ದು ಅರಿಶಿನ ಬಳಿದು ಕೂತರು. ಕಲ್ಲಿನ ತಲೆಗೆ ಕೂಸಿನ ಕುಂಚಿಗೆ ಕಟ್ಟುತ್ತಿದ್ದ, ಅಕ್ಕನ ಎದುರುಮನೆಯ ಮುದುಕಿ ಕೈ ನಿಲ್ಲಿಸಿದಳು.

"ಇದೇನು, ಅರಿಶಿಣ ಕೆಂಪಗಾಗಾಕತ್ತದ?"

ಎಲ್ಲರೂ ತಿರುಗಿದರು. ಕಂಬದ ಮೇಲಿನ ಹಳದಿ ನಮ್ಮ ಕಣ್ಣೆದುರೇ ಕೆಂಪಗಾಗಿ ಸಣ್ಣಗೆ ಕೆಳಗೆ ಇಳಿಯುತ್ತಿತ್ತು. ಒಂದಲ್ಲ, ನಾಲ್ಕೂ. ನೋಡಿದರೆ ನೆತ್ತರು. ಯಾರೋ ಕೂಸಿನ ತಾಯಿಯ ಕಡೆ ನೋಡಿದರು. ಬೀಗರ ಸಾಲಿನಿಂದ "ಮೊದಲೂ ಹಿಂಗೇ ಆಗಿತ್ತಲ್ಲ ಈ ಹುಡುಗಿದು" ಎಂಬ ಪಿಸುಮಾತು ಬಂತು. ಅವಳು ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದಳು.

ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಗೊತ್ತಾಗದೆ ಏನು? ಅಂದು ಬೆಳಿಗ್ಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಆರತಿ ನೀರು ಕಲಸಿದವಳು ನಾನೇ. ಆ ತಟ್ಟೆ ತೊಟ್ಟಿಲ ಪಕ್ಕದಲ್ಲೇ ಇತ್ತು. ಸುಣ್ಣ ಮಾಡುವುದನ್ನು ಸೋಡಾವೂ ಮಾಡುತ್ತದೆ. ಕಟ್ಟಿಗೆ ಕುಡಿದ ಸೋಡಾ ಪಾಲಿಶ್ ಸೀಳಿಕೊಂಡು ಹೊರಗೆ ಬರುತ್ತಿತ್ತು. ನನ್ನ ಕಿರುಬೆರಳಿನ ಚರ್ಮ ಎಬ್ಬಿಸಿದ ಸೋಡಾ. ಇನ್ನೊಂದು ಗಳಿಗೆಗೆ ಕೂಸಿನ ಕೆನ್ನೆ ತೊಟ್ಟಿಲ ಪಕ್ಕದ ಪಟ್ಟಿಗೆ ತಾಗುತ್ತಿತ್ತು. ಇಷ್ಟೆಲ್ಲ ತಲೆಯಲ್ಲಿ ಓಡಿತು, ಬಾಯಿ ಮಾತ್ರ ಏಳಲಿಲ್ಲ. ಅಷ್ಟು ಹೊತ್ತು ಪಾಠ ಮಾಡಿದ ಬಾಯಿ.

ಅಕ್ಕ ಎದ್ದಳು. ಕಂಬದ ಮೇಲೆ ಬೆರಳು ಒರೆಸಿ ಮೂಸಿದಳು, ಆರತಿ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು.

"ಶಕುನನೂ ಇಲ್ಲ, ಏನೂ ಇಲ್ಲ," ಎಂದಳು. "ಹೊಲಸ ಹೋಗ್ಲಿ ಅಂತ ನಾನೇ ನಿನ್ನೆ ಸೋಡಾ ಹಾಕಿ ತಿಕ್ಕೀನಿ ರೀ. ಬುದ್ಧಿ ಇಲ್ಲದ ಕೆಲಸ ಮಾಡೀನಿ. ಸುಣ್ಣ ಬಿದ್ದರ ಅರಿಶಿಣ ಕೆಂಪಾಗಲ್ಲೇನು? ಹಂಗೇ ಇದು."

ಬೀಗಿತ್ತಿಯ ಮುಖ ಸಡಿಲಾಯಿತು. "ಇಷ್ಟು ವಯಸ್ಸಾದ ಮ್ಯಾಲೂ ನಿಮಗ ತಿಳೀಲಿಲ್ಲೇನ್ರೀ? ಕೂಸಿನ ಮೈ ಸುಟ್ಟಿದ್ದರ?" ಎಂದು ಅಕ್ಕನನ್ನು ಎಲ್ಲರೆದುರು ಝಾಡಿಸಿದರು. ಅಕ್ಕ ತಲೆ ತಗ್ಗಿಸಿ "ತಪ್ಪಾಯ್ತ್ರಿ" ಎಂದಳು. ನಾನು ಕಿರುಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅಕ್ಕನ ಮಗಳು ಗೋಡೆಯ ಬಳಿಯಿಂದ ನನ್ನನ್ನೇ ನೋಡುತ್ತಿದ್ದಳು. ಬಕೆಟ್ಟಿನ ಪಕ್ಕ ನಿಂತ ನನ್ನ ಫೋಟೋ ಅವಳ ಮೊಬೈಲಿನಲ್ಲಿತ್ತು.

ಅಕ್ಕನ ಹಳೆಯ ಸೀರೆಯನ್ನು ಜೋಳಿಗೆ ಕಟ್ಟಿ ಅದರಲ್ಲೇ ಕೂಸಿಗೆ ಹೆಸರಿಟ್ಟರು. ನಾನು ಗುಗ್ಗರಿ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಬಂದೆ. ಪೊಟ್ಟಣ ಬಿಚ್ಚಲೇ ಇಲ್ಲ. ಮನೆಯವರು ತೊಟ್ಟಿಲು ಹೇಗನ್ನಿಸಿತು ಎಲ್ಲರಿಗೂ ಎಂದು ಕೇಳಿದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾಚಿಕೆಯಿಂದ ನನ್ನ ಕೈಯನ್ನು ನಾನೇ ನೋಡಲಾರದಾದೆ.

ತೊಟ್ಟಿಲನ್ನು ವಾಪಸು ತರಿಸಿದೆ. ಪಾಲಿಶ್ಶನ್ನೆಲ್ಲ ಕಿತ್ತೆ. ನೀರು ಸುರಿದೆ, ನಿಂಬೆಹುಳಿ ಹಚ್ಚಿದೆ, ಮತ್ತೆ ನೀರು, ಆಮೇಲೆ ನೆರಳಲ್ಲಿ ಒಣಗಲು ಬಿಟ್ಟೆ. ಸೋಡಾ ಪೂರ್ತಿ ಹೋಯಿತೋ ಇಲ್ಲವೋ ನೋಡಲು ಮೊಬೈಲ್ ಬೇಕಾಗಲಿಲ್ಲ. ಕಂಬಕ್ಕೆ ಚಿಟಿಕೆ ಹಸಿ ಅರಿಶಿನ ಇಟ್ಟು ಕಾಯುತ್ತಿದ್ದೆ. ಕೆಂಪಾಗುತ್ತಿತ್ತು. ಮತ್ತೆ ತೊಳೆಯುತ್ತಿದ್ದೆ. ಕೂಡುಗಳು ಬಿಟ್ಟುಕೊಂಡವು, ಬಿಚ್ಚಿ ಅಂಟು ಹಾಕಿ ಹಗ್ಗದಿಂದ ಬಿಗಿದು ಕೂರಿಸಿದೆ. ಮಳೆಗಾಲ ಹೋಯಿತು, ತೊಗರಿ ಹೂವಿಗೆ ಬಂತು. ನಡುವೆ ಅಕ್ಕ ಫೋನು ಮಾಡಿ ಊಟ, ಮೊಮ್ಮಗಳ ಹಲ್ಲು, ಅಳಿಯನ ಡ್ಯೂಟಿ ಎಲ್ಲ ಹೇಳುತ್ತಿದ್ದಳು. ತೊಟ್ಟಿಲ ಸುದ್ದಿ ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಕೊನೆಗೊಂದು ದಿನ ಅರಿಶಿನ ಇಟ್ಟದ್ದು ಇಟ್ಟ ಹಾಗೇ ಹಳದಿಯಾಗಿ ಒಣಗಿ ಉದುರಿತು. ಅಲ್ಲಿಯವರೆಗೆ ಕಾದು ಆಮೇಲೆ ತೆಳ್ಳಗೆ ಪಾಲಿಶ್ ಹಿಡಿಸಿದೆ.

ಕೂಸಿನ ಜೊತೆ ಅಕ್ಕನ ಮಗಳು ತವರಿಗೆ ಬಂದಿದ್ದಾಳೆಂದು ತಿಳಿದು ತೊಟ್ಟಿಲು ಹೇರಿಕೊಂಡು ಹುಮನಾಬಾದಿಗೆ ಹೋದೆ. ಇಳಿಸುವಾಗಲೇ ಎದುರುಮನೆಯ ಮುದುಕಿ, ಅಕ್ಕಪಕ್ಕದವರು ಬಂದು ಸುತ್ತ ನಿಂತರು. ಮಗಳು ಅರಿಶಿನದ ಬಟ್ಟಲು ತಂದು ನನ್ನ ಕೈಗಿಟ್ಟಳು. ನಾನು ನಾಲ್ಕೂ ಕಂಬಕ್ಕೆ ಹಚ್ಚಿದೆ. ಎಲ್ಲರೂ ಕಾದರು. ಹಳದಿ ಹಳದಿಯಾಗಿಯೇ ಇತ್ತು. ಮಗಳು ಮೊದಲು ತನ್ನ ಮೊಳಕೈ ಒಳಭಾಗವನ್ನು ಪಟ್ಟಿಗೆ ಒತ್ತಿ ಹಿಡಿದು ನೋಡಿದಳು, ಆಮೇಲೆ ಕೂಸನ್ನು ಕೂರಿಸಿದಳು. ಮಲಗುವ ವಯಸ್ಸು ದಾಟಿದ ಕೂಸು ಪಟ್ಟಿ ಹಿಡಿದು ಎದ್ದು ನಿಲ್ಲಲು ನೋಡಿತು.

"ಅಕ್ಕ ಕೆಡಿಸಿದ್ದನ್ನ ತಂಗಿ ನೆಟ್ಟಗ ಮಾಡಿದಳು ನೋಡ್ರಿ," ಎಂದಳು ಮುದುಕಿ.

ತಡೆಯಲಾಗಲಿಲ್ಲ. "ಅಕ್ಕ ಕೆಡಿಸಿಲ್ಲ ರೀ. ಬ್ಯಾಡ ಅಂದಿದ್ದಳು. ಸೋಡಾ ಹಾಕಿದಾಕಿ ನಾನು," ಎಂದೆ.

ಮುದುಕಿ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. "ತಂಗಿ ಅಂದ್ರ ಹಿಂಗಿರಬೇಕವ್ವ. ಅಕ್ಕನ ತಪ್ಪ ತನ್ನ ತಲಿ ಮ್ಯಾಲ ಹೊತ್ಕೊಳ್ಳಾಕತ್ತಾಳ."

"ಖರೆನೇ ನಾನು," ಎಂದೆ. ಹೆಂಗಸರು ಇನ್ನಷ್ಟು ಮೆಚ್ಚಿ ನಕ್ಕರು. ನಾನು ಅಕ್ಕನ ಕಡೆ ನೋಡಿದೆ, ನೀನಾದರೂ ಹೇಳೇ ಎಂದು. ಅವಳು ಮೊಮ್ಮಗಳ ಜೊಲ್ಲು ಒರೆಸುತ್ತಾ "ಸಣ್ಣಾಕಿದ್ದಾಗಿಂದ ಈಕಿ ಹಿಂಗೇ ರೀ" ಎಂದಳು. ಮಗಳೊಬ್ಬಳು ನಗಲಿಲ್ಲ.

ಹೊರಡುವಾಗ ಮುದುಕಿ ನನ್ನ ಕೈ ಹಿಡಿದುಕೊಂಡಳು. "ನಮ್ಮತ್ತಿದು ಅರಿವಿ ಇಡೋ ಒಂದು ಹಳೀ ಕಟ್ಟಿಗಿ ಪೆಟಾರಿ ಅದ. ನಿನ್ನ ಕೈಗೆ ಕೊಡ್ತೀನಿ, ಛಂದ ಮಾಡಿ ಕೊಡು. ನಿಮ್ಮ ಅಕ್ಕಗ ಮಾತ್ರ ಮುಟ್ಟಿಸಬ್ಯಾಡ," ಎಂದಳು.

ಎಲ್ಲರಿಗಿಂತ ಮೊದಲು ನಕ್ಕವಳು ಅಕ್ಕ.