ಫೋನಿನ ಪಕ್ಕದ ಸ್ಲೇಟಿನ ವಿಷಯವಾಗಿ

ಮಾನ್ಯ ಓದುಗರ ಸನ್ನಿಧಿಗೆ,

ಮೊದಲನೆಯದಾಗಿ, ನನ್ನ ಕಾಗುಣಿತದ ತಪ್ಪುಗಳನ್ನೂ ಕೋಳಿ ಕೆದಕಿದಂತಿರುವ ಅಕ್ಷರಗಳನ್ನೂ ತಾವು ದಯವಿಟ್ಟು ಮನ್ನಿಸಬೇಕೆಂದು ಕೋರುತ್ತೇನೆ. ನಾನು ಓದಿದ್ದೆಲ್ಲ ತಮಿಳಿನಲ್ಲಿ. ಮನೆಯಲ್ಲಿ ಆಡುವ ಕನ್ನಡದ ಅಕ್ಷರ ಕೈಗೆ ಹತ್ತಿದ್ದು ಸೇಲಂನ ನೇಕಾರರ ಸಂಘವೊಂದರಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ. ರೇಷ್ಮೆ ನೂಲಿಗಾಗಿ ಗಡಿಯಾಚೆಗೆ ಕನ್ನಡದಲ್ಲಿ ಪತ್ರ ಬರೆಯಬೇಕಾಗುತ್ತಿತ್ತು. ಅಲ್ಲಿಂದ ಬಂದ ಪತ್ರಗಳನ್ನು ಎದುರಿಗಿಟ್ಟುಕೊಂಡು, ಅವುಗಳಂತೆಯೇ ಬರೆಯಲು ಕಲಿತೆ. ಆದ್ದರಿಂದ ನನ್ನ ಕನ್ನಡಕ್ಕೆ ‘ಮೇಲ್ಕಂಡ’, ‘ಸದರಿ’, ‘ತಮ್ಮ ಅವಗಾಹನೆಗೆ’ ಎಂಬ ಒಂದೇ ಜೊತೆ ಬಟ್ಟೆ. ಮದುವೆಗೂ ಅದೇ, ಸಾವಿಗೂ ಅದೇ. ನೂಲಿನ ವಿಷಯವಲ್ಲದೆ ಬೇರೆ ವಿಷಯವನ್ನು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು.

ಕಳೆದ ವಾರ ಮನೆಗೆ ಸುಣ್ಣ ಹೊಡೆಸುವಾಗ ಬೀರುವಿನ ಹಿಂದೆ ಒಂದು ಸ್ಲೇಟು ಸಿಕ್ಕಿತು. ಮರದ ಚೌಕಟ್ಟು, ಮೇಲೊಂದು ತೂತು, ತೂತಿನಲ್ಲಿ ಮಗ್ಗದ ನೂಲನ್ನೇ ಹೊಸೆದು ಕಟ್ಟಿದ ದಾರ. ಮೂಗಿನ ಹತ್ತಿರ ಹಿಡಿದರೆ ಬಳಪದ ವಾಸನೆ ಇನ್ನೂ ಇತ್ತು. “ಇದು ಏನಪ್ಪಾ?” ಎಂದು ಮಗಳು ಕೇಳಿದಳು. “ಫೋನಿನ ಸ್ಲೇಟು” ಎಂದೆ. ಫೋನಿಗೆ ಸ್ಲೇಟು ಏತಕ್ಕೆ ಎಂದು ಅವಳು ನಗುತ್ತಿರುವಾಗಲೇ ಅವಳ ಕೈಯಲ್ಲಿದ್ದ ಮೊಬೈಲು ಹಾಡಿತು. ಅವಳು ಮಹಡಿಗೆ ಹತ್ತಿ ಬಾಗಿಲು ಎಳೆದುಕೊಂಡಳು. “ಯಾರೇ ಅದು?” ಎಂದು ಕೇಳಲು ನಾನು ಬಾಯಿ ತೆರೆದಿದ್ದೆ. ಸ್ಲೇಟು ಕೈಯಲ್ಲಿತ್ತು. ಬಾಯಿ ಮುಚ್ಚಿಕೊಂಡೆ. ಹಾಗೇಕೆ ಮುಚ್ಚಿಕೊಂಡೆ ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ಬರಹದ ಉದ್ದೇಶ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಬೀದಿಗೆಲ್ಲ ಫೋನು ಬಂದದ್ದು ನಮ್ಮೊಬ್ಬರ ಮನೆಗೆ. ಅರ್ಜಿ ಹಾಕಿ ಎಷ್ಟೋ ವರ್ಷ ಕಾದು ಪಡೆದ ಕಪ್ಪು ಫೋನು. ಅದು ನಮ್ಮದೆಂದು ನಾವು ತಿಳಿದಿದ್ದೆವು. ಬೀದಿಯವರು ತಮ್ಮದೆಂದು ತಿಳಿದರು. ಯಾರ ಮನೆಯ ಮದುವೆಯ ಕಾಗದ ನೋಡಿದರೂ ಕೆಳಗೆ ನಮ್ಮ ನಂಬರು, ಪಕ್ಕದಲ್ಲಿ ‘ಪಿ.ಪಿ.’ ಎಂದು ಎರಡು ಅಕ್ಷರ. ಅಂದರೆ ಈ ನಂಬರಿಗೆ ಮಾಡಿದರೆ ಪಕ್ಕದ ಮನೆಯವರು ಕರೆದು ಕೊಡುತ್ತಾರೆಂದು ಅರ್ಥ. ನಾನೂ ಬಹಳ ಹೆಮ್ಮೆಯಿಂದಲೇ ಕರೆದು ಕೊಡುತ್ತಿದ್ದೆ.

ಇಲ್ಲಿ ನಮ್ಮ ಮನೆಗಳ ರಚನೆಯನ್ನು ಸ್ವಲ್ಪ ವಿವರಿಸಲು ಅಪ್ಪಣೆ ಕೊಡಬೇಕು. ಮುಂದಿನ ಕೋಣೆಯಲ್ಲಿ ನೆಲಕ್ಕೆ ಗುಂಡಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ. ಮಗ್ಗದ ಹಿಂದೆ ಅಡುಗೆ. ನಡುವೆ ಬಾಗಿಲಿಲ್ಲ, ಹಳೆಯ ಸೀರೆಯ ಪರದೆ. ಈ ಮನೆಯ ಒಗ್ಗರಣೆ ಆ ಮನೆಯ ಮೂಗಿಗೆ, ಆ ಮನೆಯ ಕೆಮ್ಮು ಈ ಮನೆಯ ಕಿವಿಗೆ. ಇಂಥ ಕಡೆ ಗುಟ್ಟಿನ ಮಾತಾಡಲು ಇದ್ದ ಸ್ಥಳ ಒಂದೇ, ಅದು ಓಡುತ್ತಿರುವ ಮಗ್ಗದ ಪಕ್ಕ. ಲಾಳಿ ಈ ಕಡೆಯಿಂದ ಆ ಕಡೆಗೆ ಬಡಿಯುತ್ತಿದ್ದರೆ ಎರಡು ಮೊಳದಾಚೆ ಒಂದು ಮಾತೂ ಕೇಳಿಸದು. ಹೊಸದಾಗಿ ಮದುವೆಯಾದವರು ಅಲ್ಲಿ ಮಾತಾಡುತ್ತಿದ್ದರು. ನನ್ನ ಅವ್ವ ನನ್ನ ಹೆಂಡತಿಯನ್ನು ಬೈಯುತ್ತಿದ್ದುದೂ ಅಲ್ಲೇ. ಬೈಗುಳ ನನಗೆ ಕೇಳಿಸಬಾರದೆಂಬ ದಾಕ್ಷಿಣ್ಯ ಅವ್ವನಿಗಿತ್ತು.

ಫೋನು ಬಂದು ಇದನ್ನು ತಲೆಕೆಳಗು ಮಾಡಿತು. ಫೋನಿನಲ್ಲಿ ಮಾತು ಕೇಳಿಸಬೇಕಾದರೆ ಮಗ್ಗ ನಿಲ್ಲಬೇಕು. ಗಂಟೆ ಹೊಡೆದ ಕೂಡಲೇ ಅವ್ವ ಕೈ ಬಿಡುತ್ತಿದ್ದಳು. ಪಕ್ಕದ ಗೌರಕ್ಕನೂ ಬಿಡುತ್ತಿದ್ದಳು. ಗೌರಕ್ಕ ಬಿಟ್ಟದ್ದು ತಿಳಿದು ಆಚೆಯವರು. ಹೀಗೆ ಮರ್ಯಾದೆಗೆಂದು ಬೀದಿಯೇ ಸದ್ದಡಗಿಸಿ ಕೂರುತ್ತಿತ್ತು. ಕೂತವರಿಗೆ ಕಿವಿ ಇದ್ದೇ ಇರುತ್ತಿತ್ತಲ್ಲವೆ?

ಎದುರು ಮನೆಯಲ್ಲಿ ತಾಯಿಯೊಡನೆ ಒಬ್ಬ ಹೆಣ್ಣುಮಗಳಿದ್ದಳು. ಅವಳನ್ನು ಇಲ್ಲಿ ಚಂದ್ರಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಶಂಕಗಿರಿಯ ಲಾರಿ ಬುಕಿಂಗ್ ಆಫೀಸೊಂದರಲ್ಲಿ ಕೆಲಸಕ್ಕಿದ್ದ ಹುಡುಗನೊಂದಿಗೆ ಅವಳಿಗೆ ಮದುವೆ ಗೊತ್ತಾಗಿತ್ತು. ಪ್ರತಿ ಶನಿವಾರ ಸಂಜೆ ಐದಕ್ಕೆ ಅವನು ಅಲ್ಲಿಂದ ಫೋನು ಮಾಡುತ್ತಿದ್ದ. ಚಂದ್ರಾ ಬಂದು ರಿಸೀವರ್ ಹಿಡಿದು ನಿಲ್ಲುವಳು. ಬೀದಿ ನಿಶ್ಶಬ್ದ. ಅವಳು “ಊಂ” ಎನ್ನುವಳು. ಮತ್ತೆ “ಊಂ”. ಅಷ್ಟೇ. ಅವಳು ಇಟ್ಟ ಮೇಲೆ ಗೌರಕ್ಕ ಗೋಡೆಯ ಆಚೆಯಿಂದಲೇ ಕೂಗುವಳು: “ಇವತ್ತು ಇಪ್ಪತ್ತೆರಡು ಊಂ ಕಣೇ! ಓದ್ವಾರಕ್ಕಿಂತ ನಾಕು ಜಾಸ್ತಿ. ಮಾಪಿಳ್ಳೆ ಏನಂದ್ರೇ ಅಂಗೆ?” ಮಾಪಿಳ್ಳೆ ಎಂದರೆ ನಮ್ಮಲ್ಲಿ ಮದುವೆಯ ಗಂಡು. ನಾವೆಲ್ಲ ನಗುತ್ತಿದ್ದೆವು. ಚಂದ್ರಾ ನಕ್ಕಳೋ ಇಲ್ಲವೋ ನಾನು ನೋಡಿದ ನೆನಪಿಲ್ಲ.

ಇನ್ನು ಸ್ಲೇಟು. ಫೋನು ಬಂದಾಗ ಮನೆಯಲ್ಲಿಲ್ಲದವರಿಗೆ ಬಂದ ಸುದ್ದಿಯನ್ನು ಬರೆದಿಡಲು ಫೋನಿನ ಪಕ್ಕ, ಬೀದಿಗೆ ಕಾಣುವಂತೆ ಅದನ್ನು ತೂಗುಹಾಕಿದ್ದೆ. ಕಚೇರಿಯ ಆವಕ ಪುಸ್ತಕದ ಮಾದರಿಯಲ್ಲೇ ಬರೆಯುತ್ತಿದ್ದೆ: ಸಮಯ, ಯಾರಿಂದ, ಯಾರಿಗೆ, ವಿವರ. ‘ತೊಪ್ಪೂರು ಘಾಟಿಯಲ್ಲಿ ಲಾರಿ ಕೆಟ್ಟಿದೆ, ಊಟಕ್ಕೆ ಕಾಯಬೇಡಿ.’ ‘ಅಕ್ಕನಿಗೆ ಗಂಡುಮಗು, ಇಬ್ಬರೂ ಕ್ಷೇಮ.’ ಎಲ್ಲವೂ ತಮಿಳಿನಲ್ಲಿ, ಏಕೆಂದರೆ ಬೀದಿಯಲ್ಲಿ ಕನ್ನಡ ಆಡುವವರೇ ಎಲ್ಲ, ಓದುವವನು ನಾನೊಬ್ಬನೇ. ಅರ್ಧಂಬರ್ಧ ಬರೆದರೆ ಕಚೇರಿಯಲ್ಲಿ ಮೇಲಿನವರಿಂದ ಮೆಮೋ ಬರುತ್ತಿತ್ತು. ಹಾಗಾಗಿ ಏನನ್ನೂ ಬಿಡದೆ ಬರೆಯುವುದು ನನಗೆ ರಕ್ತಗತವಾಗಿತ್ತು.

ಒಂದು ಬುಧವಾರ ಬೆಳಿಗ್ಗೆ, ನಾನು ಕಚೇರಿಗೆ ಹೊರಡುವ ಹೊತ್ತಿನಲ್ಲಿ, ಒಂದು ಆಸ್ಪತ್ರೆಯಿಂದ ನರ್ಸಮ್ಮನೊಬ್ಬರು ಫೋನು ಮಾಡಿದರು. ಚಂದ್ರಾ ತನ್ನ ಚೀಟಿಯಲ್ಲಿ ನಮ್ಮ ನಂಬರು ಬರೆಸಿದ್ದಳಂತೆ. ಚಂದ್ರಾ ನೂಲು ತರಲು ಹೋಗಿದ್ದಳು, ಅವಳ ತಾಯಿಯೂ ಮನೆಯಲ್ಲಿರಲಿಲ್ಲ. ನಾನು ಬಳಪ ತೆಗೆದುಕೊಂಡು ಹೇಳಿದ್ದನ್ನೆಲ್ಲ ದುಂಡಾಗಿ ಬರೆದೆ: ‘ಕಫ ಪರೀಕ್ಷೆಯಲ್ಲಿ ಟಿ.ಬಿ. ಇದೆ ಎಂದು ಬಂದಿದೆ. ತಡ ಮಾಡದೆ ಬಂದು ಮಾತ್ರೆ ಶುರುಮಾಡಬೇಕು. ಆರು ತಿಂಗಳು.’ ಬರೆದು, ಕೆಳಗೆ ಗೆರೆ ಎಳೆದು, ಸೈಕಲ್ ಹತ್ತಿದೆ. ಪಾಪ, ಬೇಗ ತಿಳಿದರೆ ಒಳ್ಳೆಯದೆಂದುಕೊಂಡೆನೇ ಹೊರತು ಯಾರಿಗೆ ತಿಳಿಯುತ್ತದೆ ಎಂದು ಯೋಚಿಸಲಿಲ್ಲ. ಅವ್ವನಿಗೆ ಓದು ಬರುತ್ತಿರಲಿಲ್ಲ, ಬಂದಿದ್ದರೆ ಒರೆಸಿಬಿಡುತ್ತಿದ್ದಳು.

ಸಂಜೆ ಬರುವಾಗ ಬೀದಿಯ ಕೊಳಾಯಿಯ ಮುಂದೆ ಕೊಡಗಳ ಸಾಲಿತ್ತು. ಚಂದ್ರಾಳ ಹಳದಿ ಪ್ಲಾಸ್ಟಿಕ್ ಕೊಡದ ಹಿಂದೆಯೂ ಮುಂದೆಯೂ ಒಂದೊಂದು ಮೊಳ ಜಾಗ ಖಾಲಿ. ಉಳಿದವು ಒಂದಕ್ಕೊಂದು ಅಂಟಿಕೊಂಡಿದ್ದವು. ಆಗಲೂ ನನಗೆ ಹೊಳೆಯಲಿಲ್ಲ. ಮನೆಗೆ ಬಂದು ಸ್ಲೇಟು ನೋಡಿದೆ. ನನ್ನ ದುಂಡನೆಯ ಅಕ್ಷರಗಳನ್ನು ಯಾರೋ ಅಂಗೈಯಿಂದ ಒರೆಸಿದ್ದರು. ಆದರೂ ಓದಬಹುದಾಗಿತ್ತು.

ಮರುದಿನ ಹುಡುಗನ ಸೋದರಮಾವ ಕಾರಿಮಂಗಲದಿಂದ ಫೋನು ಮಾಡಿದರು. ಹೆಣ್ಣು ಕೊಡುವ ಮನೆಯ ಬಗ್ಗೆ ಪಿ.ಪಿ. ನಂಬರಿನ ಮನೆಯಲ್ಲಿ ವಿಚಾರಿಸುವುದು ಆಗ ವಾಡಿಕೆಯೇ ಆಗಿತ್ತು.

“ವಣಕ್ಕಂ ಸಾರ್. ನೀವು ಆಫೀಸ್ನಾಗೆ ಇರೋರು, ಸುಳ್ಳೇಳಕ್ಕಿಲ್ಲ. ಉಡುಗಿಗೆ ಏನೋ ಸೀಕು ಐತಂತಲ್ಲ, ನಿಜವಾ?”

ಮಗ್ಗಗಳೆಲ್ಲ ನಿಂತಿದ್ದವು. ನಾನು ಬೆವರಿದೆ. ಕಚೇರಿಯಲ್ಲಿ ಕಲಿತದ್ದೇ ಬಾಯಿಗೆ ಬಂತು: “ಆ ಇಸ್ಯ ಏಳಕ್ಕೆ ನಂಗೆ ಅತಾರಿಟಿ ಇಲ್ಲ ಮಾಮಾ.”

“ಸರಿ ಬುಡಿ. ಇಲ್ಲ ಅಂದಿದ್ರೆ ಇಲ್ಲ ಅಂತಿದ್ರಿ.” ಅವರು ಇಟ್ಟರು.

ಅರ್ಧ ಗಂಟೆಯಲ್ಲಿ ಚಂದ್ರಾ ಬಂದಳು. ಅಳುತ್ತಿರಲಿಲ್ಲ. ಹೊಸಿಲ ಆಚೆಯೇ ನಿಂತಳು; ಹಿಂದಿನ ದಿನದವರೆಗೂ ಅವಳು ನೇರ ಅಡುಗೆಮನೆಗೆ ನುಗ್ಗುವವಳು.

“ಅಣ್ಣಾ, ಕಾಯ್ಲೆ ನಂದಾ, ನಿಂದಾ?”

“ನಿಂಗೆ ಬೇಗ ಗೊತ್ತಾಗ್ಲಿ ಅಂತ ಬರ್ದೆ ಕಣಮ್ಮಾ...”

“ನಂಗೆ ಕಡೇಲಿ ಗೊತ್ತಾಯ್ತು. ಕೊಳಾಯ್ತಾವ ಗೊತ್ತಾಯ್ತು. ನಮ್ಮವ್ವಂಗೆ ಗೌರಕ್ಕ ಏಳಿದ್ಲು, ನಾನಲ್ಲ.” ಮತ್ತೆ ಅಂದಳು: “ಸನಿವಾರ ಅವ್ರು ಪೋನ್ ಮಾಡ್ತಾರೆ. ಯಾರ್ ಕೇಳಿದ್ರೂ ನೀ ಸುಳ್ಳೂ ಏಳ್ಬ್ಯಾಡ, ನಿಜಾನೂ ಏಳ್ಬ್ಯಾಡ. ಅವ್ರಿಗೆ ನಾನೇ ಏಳ್ತೀನಿ. ಅದೊಂದಾನ ನಂಗೆ ಬುಡ್ರಿ.”

ಒಳಗೆ ಗುಂಡಿಯಲ್ಲಿ ಕೂತಿದ್ದ ಅವ್ವ ನನ್ನನ್ನು ಒಮ್ಮೆ ನೋಡಿದಳು. ಯಾವ ಮೆಮೋವೂ ನನ್ನನ್ನು ಹಾಗೆ ನೋಡಿರಲಿಲ್ಲ.

ಶನಿವಾರ ಐದಕ್ಕೆ ಹತ್ತು ನಿಮಿಷವಿರುವಾಗಲೇ ನಮ್ಮ ಜಗುಲಿ ತುಂಬಿತ್ತು. ಯಾರೂ ಕೇಳಲು ಬಂದವರಲ್ಲ. ಒಬ್ಬಳು ಅಕ್ಕಿ ಆರಿಸಲು, ಒಬ್ಬಳು ತಲೆ ಬಾಚಲು, ಗೌರಕ್ಕ ಸುಮ್ಮನೆ ಕಾಲು ನೀಡಲು. ಗಂಟೆ ಹೊಡೆಯಿತು. ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ಚಂದ್ರಾ ರಿಸೀವರ್ ಎತ್ತಿದಳು.

ನಮ್ಮ ಮನೆಯ ಮಗ್ಗ ನಿಲ್ಲಲಿಲ್ಲ.

“ಮಗ್ಗ ನಿಲ್ಸಕ್ಕೋ! ಪೋನು!” ಎಂದು ಗೌರಕ್ಕ ಕೂಗಿದಳು.

“ಸೀರೆ ಅರ್ಜೆಂಟು” ಎಂದಳು ಅವ್ವ, ಲಾಳಿಯನ್ನು ಇನ್ನೂ ಬಿರುಸಾಗಿ ಎಸೆಯುತ್ತ.

“ಅದ್ಯಾವ ಅರ್ಜೆಂಟು? ಆ ಉಡುಗಿಗೆ ಕೇಳಿಸ್ತದಾ?”

“ಕೇಳಿಸ್ಬೇಕಾದೋರ್ಗೆ ಕೇಳಿಸ್ತದೆ. ಇಲ್ಲಿ ಕಿವಿ ಕೊಟ್ಕಂಡು ಕೂತಿರೋ ಬದ್ಲು ಓಗಿ ನಿನ್ ಮಗ್ಗಕ್ಕೆ ಕಾಲ್ ಕೊಡೇ ಗೌರೀ! ನಿನ್ ಮಗ್ಳು ಬಾಣಂತಿಯಾಗಿ ಬಂದಾಗ ನೀ ಅತ್ಕಂಡು ಮಾತಾಡಿದ್ದು ಎಲ್ಲಿ ಕೂತ್ಕಂಡು? ಈ ಮಗ್ಗದ ಪಕ್ದಾಗೇ ಅಲ್ವಾ? ನಾನು ಯಾವತ್ತಾನ ಯಾರ್ಗಾನ ಏಳಿದ್ನಾ?”

ಗೌರಕ್ಕನ ಮುಖ ಸಣ್ಣದಾಯಿತು. ಅವಳು ಎದ್ದು ಹೋದಳು. ಕೋಪ ಮಾಡಿಕೊಂಡು ಹೋದಳೆಂದೇ ನಾನು ತಿಳಿದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅವಳ ಮಗ್ಗದ ಸದ್ದು ಬಂತು. ಅಕ್ಕಿಯ ಮೊರ ಎದ್ದಿತು, ಬಾಚಣಿಗೆ ಎದ್ದಿತು. ಆಚೆ ಮನೆ, ಅದರಾಚೆ ಮನೆ. ಫೋನು ಬಂದ ಮೇಲೆ ಮೊದಲ ಬಾರಿಗೆ, ಒಬ್ಬರು ಮಾತಾಡುತ್ತಿರುವಾಗ ಇಡೀ ಬೀದಿ ನೇಯುತ್ತಿತ್ತು.

ಚಂದ್ರಾ ಒಂದು ಕಿವಿಗೆ ರಿಸೀವರ್ ಒತ್ತಿ, ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು, ಗೋಡೆಗೆ ಹಣೆ ಆನಿಸಿ ನಿಂತಿದ್ದಳು. ಅವಳ ತುಟಿ ಆಡುತ್ತಿತ್ತು. ‘ಊಂ’ ಎನ್ನುತ್ತಿರಲಿಲ್ಲ, ಮಾತಾಡುತ್ತಿದ್ದಳು. ನಾನು ಹೊರಗೆ ಬಂದು ಬೀದಿಗೆ ಮುಖ ಮಾಡಿ ನಿಂತೆ. ಅವಳು ಏನು ಹೇಳಿದಳು, ಆ ಕಡೆಯಿಂದ ಅವನು ಏನೆಂದ ಎಂಬುದು ನನಗೆ ಇಂದಿಗೂ ತಿಳಿಯದು. ಅವಳು ಹೊರಬಂದಾಗ ಕಣ್ಣು ಕೆಂಪಾಗಿತ್ತು. ಹೊಸಿಲಲ್ಲಿ ನಿಲ್ಲದೆ ಮತ್ತೆ ಒಳಗೆ ಹೋಗಿ, ಅವ್ವನ ಪಕ್ಕದಲ್ಲಿದ್ದ ತಂಬಿಗೆಯಿಂದ ನೀರು ಕುಡಿದು, ಅದನ್ನು ಅಲ್ಲೇ ಇಟ್ಟು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವ್ವನೂ ಅದೇ ತಂಬಿಗೆಯಿಂದ ಕುಡಿದಳು.

ನಾನು ಅವಳಿಗೊಂದು ಕ್ಷಮಾಪಣೆಯ ಪತ್ರ ಬರೆದು, ಲಕೋಟೆಗೆ ಹಾಕಿ, ನಾಲ್ಕೂ ಕಡೆ ಗೋಂದು ಬಳಿದು ಕೊಟ್ಟೆ. ಮರುದಿನ ಅದನ್ನು ಹಾಗೇ ತಂದುಕೊಟ್ಟಳು. “ಓದ್ನಿಲ್ಲ ಅಣ್ಣಾ. ಅಂಟು ಸಂದಾಗೈತೆ. ಇನ್ಮೇಲೆ ಅದನ್ನ ಕಲ್ತ್ಕ, ಸಾಕು.”

ಸಂಘಕ್ಕೆ ಬರುತ್ತಿದ್ದ ಒಬ್ಬ ವಕೀಲರನ್ನು, ಬೇರೆ ಯಾರದೋ ವಿಷಯವೆಂಬಂತೆ ನಟಿಸಿ, ಹೀಗೆ ಬರೆದರೆ ತಪ್ಪಾಗುವುದೆ ಎಂದು ಕೇಳಿದ್ದೆ. “ಯಾವ ಸೆಕ್ಷನ್ ಹಾಕ್ಬೇಕು ಇದಕ್ಕೆ? ನಿಜಾನೇ ಬರ್ದಿರೋದಲ್ವಾ?” ಎಂದು ಅವರು ನಕ್ಕಿದ್ದರು. ಕೆಲವು ವರ್ಷಗಳ ಹಿಂದೆ ನಮ್ಮ ದೇಶದ ಅತಿ ದೊಡ್ಡ ನ್ಯಾಯಾಲಯವು ಖಾಸಗಿತನವೂ ಮೂಲಭೂತ ಹಕ್ಕೆಂದು ತೀರ್ಪಿತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಎರಡು ಸಲ ಓದಿದೆ. ದೊಡ್ಡ ದೊಡ್ಡ ಮಾತುಗಳಿದ್ದವು. ನನಗೆ ಮಾತ್ರ ಹಳದಿ ಕೊಡದ ಎರಡು ಪಕ್ಕದ ಖಾಲಿ ಜಾಗವೇ ಕಾಣುತ್ತಿತ್ತು.

ಮುಂದೇನಾಯಿತೆಂದು ತಾವು ಕೇಳುವುದು ಸಹಜ. ಚಂದ್ರಾ ಮಾತ್ರೆಗಳನ್ನು ಪೂರ್ತಿ ತೆಗೆದುಕೊಂಡಳು, ಗುಣವಾದಳು. ಮರುವರ್ಷ ಅವಳ ಮದುವೆಯ ಕಾಗದ ಬಂತು. ಅದರ ಕೆಳಗೆ ನಮ್ಮ ನಂಬರು ಇರಲಿಲ್ಲ. ನಮ್ಮ ಬೀದಿಯಲ್ಲಿ ಪಿ.ಪಿ. ಇಲ್ಲದೆ ಅಚ್ಚಾದ ಮೊದಲ ಕಾಗದ ಅದು. ವರನ ಹೆಸರು ಏನಿತ್ತೆಂಬುದನ್ನು ಇಲ್ಲಿ ಬರೆಯಲು, ಕ್ಷಮಿಸಬೇಕು, ನನಗೆ ಅಧಿಕಾರವಿಲ್ಲ. ಈ ಸಲ ಆ ಮಾತನ್ನು ಹೆದರಿ ಹೇಳುತ್ತಿಲ್ಲ.

ಮಗಳು ಮಹಡಿಯಿಂದ ಇಳಿದು ಬಂದಾಗ ನಾನಿನ್ನೂ ಸ್ಲೇಟು ಹಿಡಿದೇ ನಿಂತಿದ್ದೆ. “ಯಾರು ಅಂತ ಕೇಳಲ್ವಾಪ್ಪಾ?” ಎಂದಳು. “ಇಲ್ಲ” ಎಂದೆ. ಅವಳಿಗೆ ಆಶ್ಚರ್ಯವಾದಂತೆ ಕಂಡಿತು. ನನಗೂ ಆಗಿತ್ತು.

ಕೊನೆಯದಾಗಿ ಒಂದು ವಿನಂತಿ. ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಮಾಡಿದ್ದೇ ನಮ್ಮ ಬೀದಿಯಲ್ಲಿ ಇಂದಿಗೂ ಇದನ್ನು ಓದಬಲ್ಲವರು ಇಲ್ಲವೆಂದು. ಅವಳನ್ನು ಗುರುತಿಸಬಹುದಾದ ಕೆಲವು ವಿವರಗಳನ್ನು ಬದಲಿಸಿಯೂ ಇದ್ದೇನೆ. ಆದರೂ ಎಲ್ಲವನ್ನೂ ಬರೆದುಬಿಡುವ ನನ್ನ ಹಳೆಯ ಅಭ್ಯಾಸವನ್ನು ನಾನು ನಂಬಲಾರೆ. ಕಾಗುಣಿತದ ತಪ್ಪು ಕಂಡಲ್ಲಿ ತಿದ್ದಿಕೊಳ್ಳಿ. ಅದಕ್ಕಿಂತ ಮುಖ್ಯವಾಗಿ, ಅವಳು ಇಂಥವಳೇ ಎಂದು ತೋರಿಸಿಕೊಡುವ ಒಂದು ಮಾತಾದರೂ ಮೇಲೆ ಉಳಿದಿದ್ದರೆ, ನನ್ನನ್ನು ಕೇಳದೆಯೇ ಅದನ್ನು ಹೊಡೆದುಹಾಕಿ. ಓದಲು ಬಾರದಂತೆ ಹೊಡೆದುಹಾಕಿ.