ಬಾಯಿಬಿಟ್ಟು ಕೇಳಿದ ಅಕ್ಕಿ

ನಮ್ಮ ಯಜಮಾನರು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಮ್ಮತ್ತೆ ನನ್ನನ್ನು ಒಂದು ಮಾತೂ ಕೇಳದೆ ಮಾದಪ್ಪನಿಗೆ ಹರಕೆ ಹೊತ್ತುಬಿಟ್ಟರು. ಮಗ ಎದ್ದು ಓಡಾಡುವಂತಾದರೆ ಸೊಸೆ ಮನೆಮನೆಗೆ ಹೋಗಿ ಅಕ್ಕಿ ಭಿಕ್ಷೆ ಬೇಡಿ, ಅದನ್ನು ಮಾದಪ್ಪನ ಬೆಟ್ಟದಲ್ಲಿ ಬೇಯಿಸಿ ಬಂದವರಿಗೆ ಬಡಿಸುತ್ತಾಳೆ ಎಂದು. ಹರಕೆ ಅವರದು, ಒಡ್ಡುವ ಸೆರಗು ನನ್ನದು.

ಕೊಳ್ಳೇಗಾಲದ ಈ ಬಡಾವಣೆಗೆ ಬಂದಾಗಿನಿಂದ ನಾನು ಕೊಟ್ಟವಳೇ ಹೊರತು ಯಾರ ಮನೆಯಲ್ಲೂ ಒಂದು ಲೋಟ ಸಕ್ಕರೆ ಕೇಳಿದವಳಲ್ಲ. ಬೆಟ್ಟಕ್ಕೆ ನಡೆದು ಹೋಗುವವರಿಗೆ ನಮ್ಮ ಬೀದಿಯವರು ಮಜ್ಜಿಗೆ ಹಂಚುವಾಗ ಸೌಟು ಹಿಡಿಯುವುದು ನಾನೇ. ಬೀದಿಯ ಕೊನೆಯಲ್ಲಿ ಕಟ್ಟುತ್ತಿರುವ ಮನೆಯನ್ನು ಕಾಯುವ ಹನೂರಿನ ಕಡೆಯ ಹೆಂಗಸಿಗೆ ಅಮಾವಾಸ್ಯೆ ಅಮಾವಾಸ್ಯೆಗೆ ಅಕ್ಕಿ ಬೇಳೆ ಕೊಡುತ್ತಿದ್ದುದೂ ನಾನೇ. ಕೊಡುವುದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು, ಇಲ್ಲ ಎನ್ನುವುದಿಲ್ಲ.

ಯಜಮಾನರು ಎದ್ದು ಓಡಾಡಿದರು. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಚೀಲ ಹಿಡಿದು ಹೊರಟೆ. ಆದರೆ ನಮ್ಮ ಯಜಮಾನರೆಂಬ ಪುಣ್ಯಾತ್ಮರು ಹಿಂದಿನ ದಿನವೇ ಬಡಾವಣೆಯ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ್ದರು. ಗೇಟುಗೇಟಿನಲ್ಲೂ ಹೆಂಗಸರು ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕಾಯುತ್ತಿದ್ದರು. ಒಬ್ಬರಂತೂ ಬಾಸುಮತಿ ಪೊಟ್ಟಣವನ್ನೇ ಕೊಟ್ಟು ಫೋಟೋ ತೆಗೆಸಿಕೊಂಡರು. ನಾನು ಬಾಯಿ ತೆರೆಯುವ ಪ್ರಮೇಯವೇ ಬರಲಿಲ್ಲ. ಸದ್ಯ ಬದುಕಿದೆ ಅಂದುಕೊಂಡೆ.

ನಮ್ಮತ್ತೆ ಬಿಡಬೇಕಲ್ಲ. ಬಾಗಿಲಲ್ಲೇ ಕುಳಿತಿದ್ದವರು ಚೀಲ ನೋಡಿ, "ಬಾಯ್ಬುಟ್ಟು ಕೇಳ್ದೇನವ್ವ?" ಎಂದರು. ಇಲ್ಲ ಎಂದೆ.

"ಅಂಗಾರೆ ಇದು ಉಡುಗೊರೆ ಕಣವ್ವ, ಭಿಕ್ಷೆ ಅಲ್ಲ. ಒಂದ್ ಮನೇಲಾದ್ರೂ ಕೇಳ್ಬುಟ್ಟು ಬಾ."

ಸಿಟ್ಟು ಬಂತು. ಆದರೆ ಮಗನ ಜೀವಕ್ಕೆಂದು ಹೊತ್ತ ಹರಕೆ ಅರ್ಧಕ್ಕೆ ನಿಂತರೆ ಆ ಮುದುಕಿಗೆ ನಿದ್ದೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಬರುತ್ತಿರಲಿಲ್ಲ.

ಸುದ್ದಿ ಮುಟ್ಟದ ಮನೆ ಬೀದಿಯಲ್ಲಿ ಒಂದೇ ಉಳಿದಿತ್ತು, ಆ ಕಾವಲಿನ ಹೆಂಗಸಿನ ತಗಡಿನ ಶೆಡ್ಡು. ಅವಳು ಹೊರಗೆ ಪಾತ್ರೆ ತೊಳೆಯುತ್ತಿದ್ದಳು. ಮುಂದೆ ಹೋಗಿ ನಿಂತಾಗ ನನಗೆ ಮಾದಪ್ಪನ ಹೆಸರೇ ಮರೆತುಹೋಯಿತು. ಸೆರಗು ಒಡ್ಡಿ, "ಸ್ವಲ್ಪ ಅಕ್ಕಿ ಕೊಡ್ತೀಯೇನವ್ವ?" ಎಂದೆ. ಅಷ್ಟೇ ಬಂದದ್ದು.

ಅವಳು ನನ್ನ ಮುಖ ನೋಡಿದಳು. ಕೈ ಒರೆಸಿಕೊಂಡು ಒಳಗೆ ಹೋಗಿ, ಸೊಸೈಟಿ ಅಕ್ಕಿಯನ್ನು ಬೊಗಸೆ ಬೊಗಸೆಯಾಗಿ ತಂದು ಸುರಿದಳು. ಆಮೇಲೆ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದಳು.

"ಆಸ್ಪತ್ರೆ ಖರ್ಚು ಅಂದ್ರೆ ಸುಮ್ನೆ ಆಯ್ತದಾ? ಯಾರ್ಗೂ ಏಳಕಿಲ್ಲ ಕಣ್ರವ್ವ. ಸಾಲ್ದಿದ್ರೆ ಸಂಜೆಗೂ ಬನ್ನಿ."

ನಮ್ಮ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ಅವಳು ತಿಳಿದಿದ್ದಳು. ಅಲ್ಲ ಎಂದು ಹೇಳಹೊರಟರೆ ಮಾತಿನ ಬದಲು ಅಳು ಬಂತು. ಅದನ್ನು ಕಂಡು ಅವಳ ಅನುಮಾನ ಇನ್ನೂ ಗಟ್ಟಿಯಾಗಿರಬೇಕು.

ಮರುದಿನ ಬೆಟ್ಟದಲ್ಲಿ ಎಲ್ಲರ ಅಕ್ಕಿಯನ್ನೂ ಒಂದೇ ಹಂಡೆಗೆ ಹಾಕಿದೆವು. ಒಂದು ಬೇಯುವಷ್ಟರಲ್ಲಿ ಇನ್ನೊಂದು ಕರಗಿ ಅನ್ನ ಮುದ್ದೆಯಾಯಿತು. ಉಂಡವರು ಯಾರೂ ದೂರಲಿಲ್ಲ.

ವಾಪಸು ಬಂದವಳೇ ಪ್ರಸಾದದ ಲಾಡು ಹಿಡಿದು ಶೆಡ್ಡಿಗೆ ಹೋಗಿ ಹರಕೆಯ ಕಥೆಯೆಲ್ಲ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾಳೇನೋ ಎಂಬ ಅಳುಕಿತ್ತು. ಅವಳು ಲಾಡನ್ನು ಕಣ್ಣಿಗೊತ್ತಿಕೊಂಡು, ಸದ್ಯ ನಿಮಗೇನೂ ಕಮ್ಮಿಯಾಗಿಲ್ಲವಲ್ಲ ಎಂದು ಉಸಿರು ಬಿಟ್ಟಳು. ಆಮೇಲೆ ಒಳಗಿನಿಂದ ಮುಚ್ಚಿಟ್ಟಿದ್ದ ಅಕ್ಕಿಯ ಡಬ್ಬಿಯೊಂದನ್ನು ತಂದಳು.

"ಸಂಜೆಗೆ ಬತ್ತೀರಿ ಅಂತ ಎತ್ತಿಟ್ಟಿದ್ದೆ. ನೀವು ಬರ್ನೇ ಇಲ್ಲ."

ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ. ನಾನಾಗಿಯೇ ಸೆರಗು ಒಡ್ಡಿದೆ.